ದುರಗವ್ವ ತಂದ ಸಕ್ಕರೆ

ಮಸೀದಿಯ ಕೀಲಿಕೈ ಹನುಮಪ್ಪನ ಮನೆಯಲ್ಲಿದೆ ಎಂದರು. ಹೊಸಬ ಸಿಕ್ಕಿದನಲ್ಲ, ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅದು ನಾನು ಈ ಊರಿಗೆ ಬಂದ ಮೊದಲ ಶುಕ್ರವಾರ. ಯಲಬುರ್ಗಾ ತಾಲ್ಲೂಕಿನ ಬೇವೂರಿನಿಂದ ಒಳದಾರಿ ಹಿಡಿದರೆ ಸಿಗುವ ಸಣ್ಣ ಹಳ್ಳಿ. ಚಹಾದ ಅಂಗಡಿಯಲ್ಲಿ ನಿಂತು, ನಮ್ಮ ಕಡಲ ಬದಿಯ ಮಾತಿನಲ್ಲೇ "ಇಲ್ಲಿ ಮಸೀದಿ ಉಂಟಾ?" ಎಂದು ಕೇಳಿದ್ದೆ.

"ಮಸೂತಿ ಐತ್ರಿ. ಕೀಲಿ ಕುರುಬರ ಹನುಮಪ್ಪನ ಮನ್ಯಾಗ ಐತಿ. ಹೋಗಿ ಕೇಳ್ರಿ, ತಗದು ಕೊಡ್ತಾನ," ಎಂದ ಅಂಗಡಿಯವ.

ಹನುಮಪ್ಪ ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಭಂಡಾರ ಹಚ್ಚಿಕೊಂಡ ಐವತ್ತರ ಮನುಷ್ಯ. ಮಾತಿಲ್ಲದೆ ಬಂದು ಬಾಗಿಲು ತೆರೆದ. ಒಳಗೆ ಹಾಸಿದ ಚಾಪೆ ಇಲ್ಲ, ಕೈಕಾಲು ತೊಳೆಯುವ ನಲ್ಲಿ ಇಲ್ಲ. ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ, ಮೂಲೆಯಲ್ಲಿ ಒಣಗಲು ಹರವಿದ ಈರುಳ್ಳಿ.

"ಪಂಜಾ ದೇವ್ರು ಪೆಟ್ಟಿಗ್ಯಾಗ ಅದಾವ್ರಿ. ಮೊಹರಂದಾಗ ಹತ್ತು ದಿನ ಹೊರಗ ಬರ್ತಾವ. ಊರೆಲ್ಲಾ ಕೂಡಿ ಮಾಡ್ತೀವಿ," ಎಂದ.

"ಮತ್ತೆ ನಮಾಜು ಯಾರು ಮಾಡುತ್ತಾರೆ?"

"ನಮ್ಮೂರಾಗ ನಿಮ್ಮವ್ರ ಮನಿ ಒಂದೂ ಇಲ್ಲಲ್ರಿ. ನಮಾಜ ಯಾರಿಗೆ ಬರ್ತೈತಿ? ಈಗ ನೀವು ಬಂದೀರಲ್ಲ, ಮಾಡ್ರಿ. ತಡೀರಿ, ಉಳ್ಳಾಗಡ್ಡಿ ಸರಸ್ತೀನಿ."

ಮುಸಲ್ಮಾನರೇ ಇಲ್ಲದ ಊರಿನ ಮಸೂತಿಯಲ್ಲಿ, ಈರುಳ್ಳಿಯ ಘಾಟಿಗೆ ಕಣ್ಣೊರೆಸಿಕೊಳ್ಳುತ್ತ, ನಾನೊಬ್ಬನೇ ನಮಾಜು ಮುಗಿಸಿದೆ. ಹನುಮಪ್ಪ ಹೊರಗೆ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದ. ನಾನು ಹೊರಬಂದ ಮೇಲೆ ಬೀಗ ಹಾಕಿಕೊಂಡು ಕುರಿಯ ಕಡೆ ಹೋದ.

ನಮ್ಮ ಕಡಲ ಬದಿಯ ಊರಿನವರೇ, ನಿಮಗೆ ಗೊತ್ತಿರುವ ಹಾಗೆ ನಾನು ಪಶು ವೈದ್ಯಕೀಯ ಪರೀಕ್ಷಕ. ಕುರಿ, ದನಗಳಿಗೆ ಸೂಜಿ ಹಾಕುವವನು. ಕೊಪ್ಪಳ ಜಿಲ್ಲೆಗೆ ಆದೇಶ ಬಂದ ದಿನ ಉಮ್ಮ ಕೇಳಿದ್ದು ಒಂದೇ ಮಾತು, "ಅಲ್ಲಿ ಮೀನು ಸಿಗ್ತದಾ?" ಇಲ್ಲ ಉಮ್ಮ, ಸಿಗುವುದಿಲ್ಲ. ಸಿಕ್ಕಿದರೂ ಬೇಯಿಸುವ ಹಾಗಿಲ್ಲ. ನನಗೆ ಮನೆ ಬಾಡಿಗೆಗೆ ಕೊಟ್ಟ ಬಸಮ್ಮ ಮೊದಲ ದಿನವೇ ಖಡಕ್ಕಾಗಿ ಹೇಳಿದ್ದರು, "ಮನಿ ಕೊಡ್ತೀನ್ರಿ. ನಮಾಜ ಮಾಡ್ಕೋರಿ, ರೋಜಾ ಇರ್ರಿ, ನನ್ನದೇನೂ ತಕರಾರಿಲ್ಲ. ಆದ್ರ ಮೀನ-ಮಾಂಸ ಈ ಹೊಸ್ತಿಲ ದಾಟಬಾರ್ದು. ನಾವು ಲಿಂಗಾ ಕಟ್ಟಿದವ್ರು ನೋಡ್ರಿ."

ಬಸಮ್ಮ ರೊಟ್ಟಿ ಮಾಡಿ ಬೇವೂರಿನ ಖಾನಾವಳಿಗೆ ಕಳಿಸುವವರು. ಬೆಳಗಿನಿಂದ ಅವರ ಪಡಸಾಲೆಯಲ್ಲಿ ರೊಟ್ಟಿ ಬಡಿಯುವ ಸದ್ದು. ನನಗೆ ಚಹಾ ಕೊಡುವ ಲೋಟ ಬೇರೆ, ಅದನ್ನು ಇಡುವ ಗೂಡು ಬೇರೆ. ಅದು ನನ್ನ ಗಮನಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ಗಮನಕ್ಕೆ ಬಂದ ದಿನ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಆದರೆ ಬಾಂಗು ಕೇಳಿಸದ ಈ ಊರಿನಲ್ಲಿ, ರಂಜಾನಿನ ಮೂವತ್ತು ಸಂಜೆಯೂ ಗಡಿಯಾರ ನೋಡಿಕೊಂಡು ನನ್ನ ಬಾಗಿಲಿಗೆ ಬಂದು, "ಟೈಂ ಆತ್ರಿ ಸಾಹೇಬ್ರ, ಬಾಯಾಗ ಏನರ ಹಾಕ್ಕೋರಿ," ಎಂದು ಬಾಳೆಹಣ್ಣು ಕೊಟ್ಟವರೂ ಇದೇ ಬಸಮ್ಮ. ಇವರನ್ನು ಒಳ್ಳೆಯವರು ಎನ್ನಲೋ ಏನೆನ್ನಲೋ ಎಂದು ಲೆಕ್ಕ ಹಾಕುವುದನ್ನು ಆಮೇಲೆ ಬಿಟ್ಟುಬಿಟ್ಟೆ.

ಕುಚ್ಚಲಕ್ಕಿಯ ಗಂಜಿ ನೆನೆಸಿಕೊಂಡರೆ ಈಗಲೂ ಬಾಯಲ್ಲಿ ನೀರು. ಇಲ್ಲಿ ಸಿಗುವುದು ಗಂಗಾವತಿಯ ಬಿಳಿ ಸಣ್ಣಕ್ಕಿ, ತಿಂದದ್ದೇ ಗೊತ್ತಾಗುವುದಿಲ್ಲ. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿಗೆ ನಾಲಿಗೆ ಒಗ್ಗಲು ಆರು ತಿಂಗಳು ಬೇಕಾಯಿತು. ಮಾತು ಒಗ್ಗಲು ಇನ್ನೂ ಹೆಚ್ಚು. ಮೊದಮೊದಲು ಇವರು ಮಾತಾಡುವಾಗ ಜಗಳವಾಡುತ್ತಿದ್ದಾರೆ ಎಂದು ಹೆದರಿ ಎದ್ದು ನಿಲ್ಲುತ್ತಿದ್ದೆ. ಕೊನೆಗೆ ನೋಡಿದರೆ "ಊಟ ಆತೇನ್ರಿ?" ಎಂದು ಕೇಳುತ್ತಿರುತ್ತಿದ್ದರು. ಹೊಟ್ಟೆ ಉಬ್ಬಿ ಬಿದ್ದ ಟಗರೊಂದನ್ನು ಉಳಿಸಿದ ದಿನ ಕುರುಬರ ಓಣಿಯಲ್ಲಿ ನನ್ನ ಬಾಯಿಂದ ತಾನಾಗಿಯೇ "ಛಲೋ ಆತ್ ಬಿಡ್ರಿ" ಎಂದು ಬಂತು. ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಅಂದು ರಾಜ್ಯ ಗೆದ್ದಷ್ಟು ಖುಷಿಯಾಗಿತ್ತು.

ಆದರೂ ಕಡಲು ಬಿಡಲಿಲ್ಲ. ಆಷಾಢದಲ್ಲಿ ಈ ಬಯಲಿನ ಮೇಲೆ ಗಾಳಿ ಎದ್ದರೆ ಮನೆಯ ತಗಡು ಹಾರುವಂತೆ ಬೀಸುತ್ತದೆ. ಕಣ್ಣು ಮುಚ್ಚಿ ಕೂತರೆ ನಮ್ಮ ಮನೆಯ ಹಿಂದಿನ ಮಳೆಗಾಲದ ಕಡಲೇ ಮೊರೆದಂತೆ. ಕಣ್ಣು ತೆರೆದರೆ ಕರಿಮಣ್ಣು, ಅದರಾಚೆಗೂ ಕರಿಮಣ್ಣು. ಒಂದು ಹುಣ್ಣಿಮೆಯ ದಿನ ಮೀನಿನ ಆಸೆ ತಡೆಯಲಾಗದೆ ಹುಲಿಗಿಯ ಬಸ್ಸು ಹತ್ತಿದೆ. ಬಸ್ಸಿನ ತುಂಬ ಹುಲಿಗೆಮ್ಮನಿಗೆ ಹೊರಟ ಭಕ್ತರು, ನಡುವೆ ಆಣೆಕಟ್ಟಿನ ಮೀನಿಗೆ ಹೊರಟ ನಾನು.

"ತಾಯಿ ದರ್ಶನಕ್ಕ ಹೊಂಟೀರೇನ್ರಿ ಸಾಹೇಬ್ರ?" ಎಂದ ಕಂಡಕ್ಟರ್.

"ಇಲ್ಲಪ್ಪ, ಮೀನಿಗೆ," ಎಂದೆ.

"ಅದೂ ಆಕೀನ ಪ್ರಸಾದನ ಬಿಡ್ರಿ!" ಎಂದು ಚೀಟಿ ಹರಿದು ಕೊಟ್ಟ. ಆ ಮೀನು ಬರೀ ಕೆಸರಿನ ರುಚಿ. ಹೊಟೇಲಿನ ಮೂಲೆಯಲ್ಲಿ ಕೂತು ಮುಳ್ಳು ಕೂಡ ಬಿಡದೆ ಚೀಪಿದೆ. ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಅಲ್ಲ.

ಹೀಗೆ ಒಂದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಹನುಮಪ್ಪನ ಹೆಂಡತಿ ದುರಗವ್ವ ನನ್ನ ಬಾಗಿಲಿಗೆ ಬಂದಳು. ಸೆರಗಿನ ತುದಿಯಲ್ಲಿ ಸಕ್ಕರೆಯ ಗಂಟು, ಕೈಯಲ್ಲಿ ಊದಿನಕಡ್ಡಿ. ಗಂಗಾವತಿಗೆ ಕೊಟ್ಟ ಅವಳ ಮಗಳಿಗೆ ಹೆರಿಗೆ ಕಷ್ಟವಾಗಿ ಕೊಪ್ಪಳದ ಆಸ್ಪತ್ರೆಗೆ ಹಾಕಿದ್ದರು. ತಾಯಿಯೂ ಉಳಿದಳು, ಕೂಸೂ ಉಳಿಯಿತು. ದುರಗವ್ವ ಪೆಟ್ಟಿಗೆಯೊಳಗಿನ ಆ ದೇವರಿಗೆ ಹರಕೆ ಹೊತ್ತಿದ್ದಳಂತೆ.

ಈ ಸೀಮೆಯಲ್ಲಿ ಹರಕೆ ಫಲಿಸಿದವರು ಸಕ್ಕರೆ ಓದಿಸುತ್ತಾರೆ. ಅಂದರೆ ಸಕ್ಕರೆಯನ್ನು ಮುಲ್ಲಾನ ಮುಂದಿಟ್ಟು ಊದಿನಕಡ್ಡಿ ಹಚ್ಚುತ್ತಾರೆ. ಮುಲ್ಲಾ ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿ, ಆ ಮನೆಯಲ್ಲಿ ತೀರಿಹೋದವರ ಹೆಸರು ಹೇಳಿ ದುವಾ ಮಾಡುತ್ತಾನೆ. ಆಮೇಲೆ ಆ ಸಕ್ಕರೆ ಊರಿಗೆಲ್ಲ ಹಂಚಿಕೆ. ಇಷ್ಟು ವರ್ಷ ಪಕ್ಕದ ಊರಿನ ಖಾಜಾಸಾಬರು ಬಂದು ಓದುತ್ತಿದ್ದರು.

"ಖಾಜಾಸಾಬ್ರಿಗೆ ಲಕ್ವಾ ಹೊಡದೈತ್ರಿ, ಬಾಯಿ ಬಿದ್ದೈತಿ," ಎಂದಳು ದುರಗವ್ವ. "ನಿನ್ನೆ ಹೋಗಿದ್ದೆ. ಅವರ ಮನಿಯಾಕಿ ಅಂದ್ಲು, ನಿಮ್ಮೂರಾಗ ಒಬ್ರು ಅದಾರಲ್ಲ, ಅವರ ಕಡೆ ಓದಸ್ರಿ ಅಂತ."

"ಅಮ್ಮಾ, ನಾನು ಮುಲ್ಲಾ ಅಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ, ಭಾಷಣ ಬಿಗಿದೆ. "ದೇವರಿಗೆ ಎಲ್ಲರ ಮಾತೂ ನೇರವಾಗಿ ಕೇಳುತ್ತದೆ. ನಡುವೆ ಒಬ್ಬ ದಲ್ಲಾಳಿ ಯಾಕೆ? ನೀವೇ ಹೇಳಿದರೆ ಸಾಕು."

ಅವಳು ಸಾವಧಾನವಾಗಿ ಕೇಳಿಸಿಕೊಂಡಳು. "ಕೇಳೂದು ಕೇಳೀನ್ರಿ. ಆಸ್ಪತ್ರಿ ಬಾಗಿಲದಾಗ ಕುಂತು ನನ್ನ ಮಾತಿನ್ಯಾಗ ಕೇಳೀನಿ. ಅಂವ ಕೊಟ್ಟಾನ. ಈಗ ಕೊಟ್ಟಿದ್ದು ಮುಟ್ಟಿತಪಾ ಅಂತ ಅವನ ಮಾತಿನ್ಯಾಗ ಹೇಳಬೇಕಲ್ರಿ. ಅದು ನನಗ ಬರಂಗಿಲ್ಲ, ನಿಮಗ ಬರ್ತೈತಿ."

"ನನ್ನಿಂದ ಆಗುವುದಿಲ್ಲ ಅಮ್ಮಾ," ಎಂದೆ. ಅವಳು ಗಂಟನ್ನು ಮತ್ತೆ ಬಿಗಿದುಕೊಂಡು, "ಹೋಗ್ಲಿ ಬಿಡ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದು ಹೊರಟುಹೋದಳು. ಪಡಸಾಲೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಬಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಓದಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?" ಎಂದರು.

ಏನು ಹೋಗುತ್ತಿತ್ತು ಎಂಬುದು ನಮ್ಮೂರಿನ ನಿಮಗೆ ಗೊತ್ತು. ಇಲ್ಲಿಯವರಿಗೆ ಹೇಗೆ ಹೇಳಲಿ?

ನನ್ನ ಬಾಪ ಮೊಯ್ದಿನಬ್ಬ ಮತ್ತು ಪಕ್ಕದ ಮನೆಯ ಮೊಗವೀರರ ಶೀನಣ್ಣ ಪ್ರತಿ ಗುರುವಾರ ಹೊಳೆಬಾಯಿಯ ದರ್ಗಾಕ್ಕೆ ಜೊತೆಯಾಗಿ ಹೋಗುತ್ತಿದ್ದರು. ಶೀನಣ್ಣನ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಬಾಪನ ಬಾಯಲ್ಲಿ ಫಾತಿಹಾ. ಹೊಸ ಬಲೆ ಕಡಲಿಗಿಳಿಸುವ ಮುಂಚೆ ಬಾಪ ಓದಲೇಬೇಕು, ಇಲ್ಲದಿದ್ದರೆ ಶೀನಣ್ಣನಿಗೆ ಸಮಾಧಾನವಿಲ್ಲ. ನಮ್ಮ ಅಣ್ಣ ಆರು ವರ್ಷ ಗಲ್ಫಿನಲ್ಲಿ ದುಡಿದು, ದುಡಿಮೆಯ ನಡುವೆ ಧರ್ಮವನ್ನೂ ಓದಿ ಬಂದ. ಬಂದವನು, ಗೋರಿಯ ಮುಂದೆ, ಹಣ್ಣಿನ ಮುಂದೆ ಓದುವುದು ಶಿರ್ಕ್, ದೇವರಿಗೆ ಪಾಲುದಾರರನ್ನು ಮಾಡಿದಂತೆ ಎಂದ. ಬಾಪ ಒಪ್ಪಲಿಲ್ಲ. ಒಂದೇ ಮನೆಯಲ್ಲಿ ಅಪ್ಪ-ಮಗ ಹನ್ನೊಂದು ತಿಂಗಳು ಬೇರೆ ಬೇರೆ ಹೊತ್ತಿಗೆ ಉಂಡರು. ಉಮ್ಮ ಎರಡು ಸಲ ಬಡಿಸಿದಳು. ಅತ್ತ ಶೀನಣ್ಣನಿಗೂ ಅವರ ಕಡೆಯ ಹುಡುಗರು ಬಂದು, ದರ್ಗಾದಲ್ಲಿ ನಿಮಗೇನು ಕೆಲಸ ಎಂದು ಕೇಳಿ ಹೋದರು. ಗುರುವಾರದ ಜೋಡಿ ಮುರಿಯಿತು.

ಅಣ್ಣ ಕೆಟ್ಟವನಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ನೆರೆ ಬಂದ ವರ್ಷ ಜಾತಿ ಮತ ಕೇಳದೆ ಕುತ್ತಿಗೆವರೆಗಿನ ನೀರಿನಲ್ಲಿ ಜನರನ್ನು ಹೊತ್ತು ದಾಟಿಸಿದವನು ಅವನೇ. ಹಾಗೆ ಮಾಡಿಸಿದ್ದೂ ಅವನ ಧರ್ಮವೇ. ಅಪ್ಪನ ಎದುರು ಕೂತು ಉಣ್ಣಲು ಬಿಡದಿದ್ದದ್ದೂ ಅದೇ. ನಾನು ಇಬ್ಬರ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಇದ್ದೆ. ಬಾಪ ತೀರಿದ ದಿನ ಶೀನಣ್ಣ ರಸ್ತೆಯ ಆಚೆ, ತೆಂಗಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದರು. ಯಾರೂ ಒಳಗೆ ಬನ್ನಿ ಎನ್ನಲಿಲ್ಲ, ಕರೆಯದೆ ಅವರು ಬರಲಿಲ್ಲ. ಮಯ್ಯತ್ತಿನ ಮಂಚಕ್ಕೆ ಹೆಗಲು ಕೊಟ್ಟಿದ್ದ ನಾನು ಅವರನ್ನು ನೋಡಿದೆ. ಒಂದು ಮಾತು ಕರೆಯಬಹುದಿತ್ತು. ಅಣ್ಣ ಏನೆನ್ನುವನೋ ಎಂದು ಮುಖ ತಿರುಗಿಸಿಕೊಂಡೆ.

ಅಂಥ ನಾನು ಈಗ ಸಕ್ಕರೆಯ ಮುಂದೆ ಕೂತು ಓದುವುದು ಹೇಗೆ? ಬಾಪನಿಗೆ ಮಾಡದ ಉಪಕಾರವನ್ನು ಊರು ಬಿಟ್ಟು ಬಂದು ಯಾರಿಗೋ ಮಾಡಿದರೆ, ಬಾಪ ಎಲ್ಲಿದ್ದರೂ ನಗುವುದಿಲ್ಲವೇ?

ಇದಾದ ಎರಡು ದಿನಕ್ಕೆ ಕುರುಬರ ಓಣಿಯಲ್ಲಿ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕುತ್ತಿದ್ದೆ. ದುರಗವ್ವ ಒಂದೊಂದೇ ಕುರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದುಕೊಡುತ್ತಿದ್ದಳು. ನಡುವೆ ಒಮ್ಮೆಲೇ ಕುಸಿದು ಕೂತಳು. ಮುಖ ಬಿಳಿಚಿಕೊಂಡಿತ್ತು. ಹನುಮಪ್ಪ ಓಡಿ ಬಂದು ನೀರು ಚಿಮುಕಿಸಿದ.

"ಏನಾಯಿತು? ಜ್ವರವಾ?" ಎಂದೆ.

"ಜ್ವರ ಅಲ್ರಿ. ಮೂರು ದಿನಾ ಆತು, ಬರೇ ಚಹಾದ ಮ್ಯಾಲ ಅದಾಳ. ಸಕ್ರಿ ಓದಿಸೂ ತನಕ ರೊಟ್ಟಿ ಮುಟ್ಟಂಗಿಲ್ಲ ಅಂತ ಬೇಡ್ಕೊಂಡಾಳ."

ನನಗೆ ಸಿಟ್ಟು ಬಂತು. "ಯಲಬುರ್ಗಾದಲ್ಲಿ ಮುಲ್ಲಾಗಳಿಲ್ಲವಾ? ಕುಷ್ಟಗಿಯಲ್ಲಿ ಇಲ್ಲವಾ? ಬಸ್ಸು ಹತ್ತಿ ಹೋಗಿದ್ದರೆ ಮೊನ್ನೆಯೇ ಮುಗಿಯುತ್ತಿತ್ತಲ್ಲ!"

"ನಾನೂ ಅದ ಅಂದೆ. ಒಲ್ಲೆ ಅಂದ್ಲು," ಎಂದ ಹನುಮಪ್ಪ, ನನ್ನ ಮುಖ ನೋಡದೆ. "ಊರಾಗ ನಮ್ಮವ್ರು ಒಬ್ರು ಅದಾರ, ಅವರನ್ನ ಬಿಟ್ಟು ಸಕ್ರಿ ಹೊರಗ ಒಯ್ದ್ರ ನಾಕು ಮಂದಿ ಏನಂತಾರ, ಸಾಹೇಬ್ರ ಹೆಸರು ಕೆಡ್ತೈತಿ ಅಂತಾಳ್ರಿ. ಅವರಿಗೆ ಇವತ್ತಲ್ಲಾ ನಾಳೆ ಮನಸ್ಸು ಬರ್ತೈತಿ, ತಡೀತೀನಿ ಅಂದ್ಲು."

ನಮ್ಮವರು. ನಾನು ಈ ಊರನ್ನು ಒಂದು ದಿನವೂ ನಮ್ಮದು ಎಂದವನಲ್ಲ. ವರ್ಗಾವಣೆಗೆ ಎಷ್ಟು ವರ್ಷ ಬೇಕು ಎಂದು ಬೆರಳೆಣಿಸುತ್ತ ಕೂತವನು. ನಾನು ಬಾಗಿಲಿಂದ ಹಿಂದಕ್ಕೆ ಕಳಿಸಿದ ಹೆಂಗಸು ನನ್ನ ಮಾನ ಕಾಯಲು ಉಪವಾಸ ಕೂತಿದ್ದಳು. ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು.

ಉಳಿದ ಕುರಿಗಳನ್ನು ಬಿಟ್ಟು, ಹೊಲದ ಬದುವಿನ ಮೇಲೆ ನಿಂತು ಅಣ್ಣನಿಗೆ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಅವನ ಹಿಂದಿನಿಂದ ಕಡಲಿನ ಸದ್ದು ಕೇಳುತ್ತಿತ್ತು, ಮನೆಯ ಹಿಂಭಾಗದಲ್ಲೇ ನಿಂತಿದ್ದನೇನೋ.

"ತಪ್ಪು ಯಾವತ್ತೂ ತಪ್ಪೇ," ಎಂದ. "ಆ ಹೆಂಗಸು ಇನ್ನೂ ಉಂಡಿಲ್ಲವಾ?"

"ಇಲ್ಲ."

"ಮತ್ತೆ ನನಗೆ ಯಾಕೆ ಫೋನು ಮಾಡ್ತಾ ನಿಂತಿದ್ದಿ?" ಎಂದು ಇಟ್ಟುಬಿಟ್ಟ.

ಓದುತ್ತೇನೆ ಎಂದದ್ದೇ, ಮಸೂತಿಯ ಕಟ್ಟೆಯ ಮೇಲೆ ಚಾಪೆ ಹಾಸಿದರು. ಸುದ್ದಿ ಹೇಗೆ ಹರಡಿತೋ, ಇಪ್ಪತ್ತು ಮೂವತ್ತು ಜನ ಸೇರಿಬಿಟ್ಟರು. ಬಸಮ್ಮ ಹಿಟ್ಟಿನ ಕೈಯಲ್ಲೇ ಬಂದಿದ್ದರು. ದುರಗವ್ವ ಗಂಟು ಬಿಚ್ಚಿ ತಟ್ಟೆಗೆ ಸಕ್ಕರೆ ಸುರುವಿದಳು. ನಾನು ಕಣ್ಣು ಮುಚ್ಚಿ ಶುರುಮಾಡಿದೆ. ದಿನಕ್ಕೆ ಐದು ಹೊತ್ತು ಬಾಯಲ್ಲಿರುವ ಮಾತುಗಳೇ. ಆದರೆ ಗಟ್ಟಿಯಾಗಿ ಓದುವಾಗ ನನ್ನ ಗಂಟಲಿನಿಂದ ಬಂದದ್ದು ಬಾಪನ ರಾಗ. ಅದೇ ಎಳೆತ, ಅದೇ ಕಡೆ ಉಸಿರು ನಿಲ್ಲಿಸುವುದು. ಅದು ನನ್ನೊಳಗೆ ಉಳಿದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಹನುಮಪ್ಪ ತನ್ನ ಅಪ್ಪನ ಹೆಸರು ಹೇಳಿದ, ಅಜ್ಜಿಯ ಹೆಸರು ಹೇಳಿದ. ಅವರಿಗಾಗಿ ದುವಾ ಮಾಡಿದೆ. ಖಾಜಾಸಾಬರು ಏಳಲಿ ಎಂದು ಬೇಡಿದೆ. ಆಗ ದುರಗವ್ವ, "ನಿಮ್ಮ ಮನ್ಯಾಗ ಹೋದವ್ರ ಹೆಸರು ಹೇಳ್ರಿ. ಬರೇ ನಮ್ಮದ ಆತು," ಎಂದಳು. ಮೊಯ್ದಿನಬ್ಬ ಎಂದೆ. ಊರವರ ಮುಂದೆಯೇ ಅತ್ತುಬಿಟ್ಟೆ. ಯಾರೂ ಸಮಾಧಾನ ಮಾಡಲು ಬರಲಿಲ್ಲ. ಅಳುವಷ್ಟು ಹೊತ್ತು ಕಾದರು.

ಆಮೇಲೆ ದುರಗವ್ವ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, "ಖಾಜಾಸಾಬ್ರಿಗಿಂತ ಭಾಳ ಉದ್ದ ಓದಿದ್ರಿ ನೀವು. ಹಸಿವಿಲೆ ಸತ್ತೆ," ಎಂದಳು. ಎಲ್ಲರೂ ನಕ್ಕರು. ಬಸಮ್ಮ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ತಿಂದರು.

ಇದು ಎಲ್ಲವನ್ನೂ ಸರಿಮಾಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೊಪ್ಪಳದಲ್ಲಿ ಜುಮಾ ಮುಗಿಸಿ ಬರುವಾಗ ಒಬ್ಬರು ನನ್ನನ್ನು ಬದಿಗೆ ಕರೆದು, ಹಳ್ಳಿಯಲ್ಲಿ ಅಂಥದ್ದೆಲ್ಲ ಮಾಡುತ್ತೀಯಂತೆ, ಒಳ್ಳೆಯದಲ್ಲ ಎಂದರು. ಹೊರಗಿನಿಂದ ಬಂದ ಯಾರೋ ಇಬ್ಬರು ಹನುಮಪ್ಪನಿಗೂ, ಅವರ ದೇವರನ್ನು ನೀನು ಯಾಕೆ ಕಾಯುತ್ತೀ ಎಂದರಂತೆ. "ನಮ್ಮಪ್ಪ ಕಾಯ್ತಿದ್ದ, ನಾನೂ ಕಾಯ್ತೀನಿ, ನಿಮಗೇನ್ ತ್ರಾಸ?" ಎಂದು ಇವನು ಕಳಿಸಿದನಂತೆ. ಅವನಿಗಿರುವಷ್ಟು ಧೈರ್ಯ ನನಗಿಲ್ಲ. ಯಾರಾದರೂ ಸಕ್ಕರೆ ತಂದರೆ ಓದುತ್ತೇನೆ. ಓದಿದ ಮೇಲೆ ಸರಿಯೋ ತಪ್ಪೋ ಎಂದು ಮನಸ್ಸು ಕೊರೆಯುತ್ತದೆ. ಮತ್ತೊಬ್ಬರು ತಂದರೆ ಮತ್ತೆ ಓದುತ್ತೇನೆ.

ಹೋದ ತಿಂಗಳು ರಜೆಗೆ ಊರಿಗೆ ಬಂದಾಗ ಒಂದು ಪೊಟ್ಟಣ ಓದಿದ ಸಕ್ಕರೆ ತಂದಿದ್ದೆ. ಉಮ್ಮ ತಿಂದಳು. ಅಣ್ಣ ಅಂಗೈಯಲ್ಲಿ ಹಿಡಿದು ನೋಡಿದ. ತಿನ್ನಲಿಲ್ಲ, ಚೆಲ್ಲಲೂ ಇಲ್ಲ. ಮತ್ತೆ ಕಾಗದದಲ್ಲಿ ಮಡಿಚಿ ಕಪಾಟಿನಲ್ಲಿಟ್ಟ.

ಉಳಿದದ್ದನ್ನು ತೆಗೆದುಕೊಂಡು ಶೀನಣ್ಣನ ಹತ್ತಿರ ಹೋದೆ. ರಸ್ತೆ ಬದಿಯಲ್ಲಿ ಕೂತು ಬಲೆಯ ತೂತು ಹೆಣೆಯುತ್ತಿದ್ದರು. ಕೂದಲು ಪೂರ್ತಿ ಬಿಳಿಯಾಗಿದೆ. ನಡೆದದ್ದನ್ನು ಹೇಳಿದೆ.

"ಬಾಪನ ಹೆಸರು ಹೇಳಿದಿಯಾ?" ಎಂದು ಕೇಳಿದರು.

"ಹೇಳಿದೆ."

ಸಕ್ಕರೆಯನ್ನು ನಾಲಿಗೆಯ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ ಕರಗಿಸಿಕೊಂಡರು. ನಾನು ಇಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಆಗ ಆಡಿದೆ. "ಶೀನಣ್ಣ, ಮನೆಯೊಳಗೆ ಬನ್ನಿ."

ಅವರು ನಕ್ಕರು. ಕಣ್ಣು ಮಾತ್ರ ನಗಲಿಲ್ಲ. "ನೀನು ಕರೆದದ್ದು ಕೇಳಿ ಹೊಟ್ಟೆ ತುಂಬಿತು ಮಾರಾಯ. ಆದರೆ ನೀನೀಗ ಅಲ್ಲಿಯವನಲ್ವಾ? ಇಲ್ಲಿಗೆ ನಾಲ್ಕು ದಿನಕ್ಕೆ ಬಂದ ನೆಂಟ. ನೆಂಟ ಕರೆದ ಅಂತ ಒಬ್ಬರ ಮನೆಯೊಳಗೆ ಹೋಗ್ಲಿಕ್ಕೆ ಆಗ್ತದಾ? ನಿನ್ನ ಅಣ್ಣ ಕರೀಲಿ. ಆ ಕ್ಷಣಕ್ಕೇ ಬರ್ತೇನೆ."

ನಾನು ಒಳಗೆ ಬಂದೆ. ಅಣ್ಣ ಊಟಕ್ಕೆ ಕೂತಿದ್ದ. ಪಕ್ಕದಲ್ಲಿ ಕೂತೆ, ಬಂಗುಡೆ ಸಾರಿನಲ್ಲಿ ಅನ್ನ ಕಲಸಿದೆ, ಇಷ್ಟು ದಿನ ಹಂಬಲಿಸಿದ ಊಟ. ಕೇಳಬೇಕಾದದ್ದನ್ನು ಕೇಳಲು ಬಾಯಿ ಬರಲಿಲ್ಲ. ಮರುದಿನ ಬಸ್ಸು ಹತ್ತಿದೆ. ಕೊಪ್ಪಳ ದಾಟುವಾಗ ಹನುಮಪ್ಪ ಫೋನು ಮಾಡಿ, "ಊರಿಗೆ ಯಾವಾಗ ಮುಟ್ತೀರಿ?" ಎಂದ. ಸಂಜೆಯೊಳಗೆ ಊರು ಮುಟ್ಟುತ್ತೇನೆ ಎಂದೆ. ನನ್ನ ಬಾಯಲ್ಲೂ ಅದು ಊರೇ ಆಗಿಬಿಟ್ಟಿತಲ್ಲ ಎಂದುಕೊಳ್ಳುತ್ತ, ಬೇವೂರಿನವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತೆ.

ಅಣ್ಣಾ, ಎಲ್ಲರಿಗಾಗಿ ಎಂದು ಬರೆಯಲು ಶುರುಮಾಡಿದ್ದು ಕೊನೆಗೆ ನಿನಗೊಬ್ಬನಿಗೆ ಬರೆದಂತಾಯಿತು. ದರ್ಗಾಕ್ಕೆ ಹೋಗು ಎನ್ನುವುದಿಲ್ಲ, ಸಕ್ಕರೆ ತಿನ್ನು ಎನ್ನುವುದೂ ಇಲ್ಲ. ಶೀನಣ್ಣ ದಿನಾ ಬೆಳಿಗ್ಗೆ ನಮ್ಮ ಬಾಗಿಲಿಂದ ಇಪ್ಪತ್ತು ಹೆಜ್ಜೆ ಆಚೆ ಕೂತಿರುತ್ತಾರೆ. ನಾನು ಕರೆದರೆ ಬರುವುದಿಲ್ಲವಂತೆ. ನೀನು ಕರಿ.